ಕಮಲಾಕ್ಷಿಯವರು ಸಾಫ್ಟ್‌ವೇರ್ ಆರಿಸಿದ್ದು

ಕಮಲಾಕ್ಷಿಯವರನ್ನು ನಾನು ಮೊದಲು ಅನುವಾದಕಿ ಎಂದುಕೊಂಡಿದ್ದೆ. ತೊಂಬತ್ತೆರಡರ ಬೇಸಿಗೆ. ಬೆಂಜ್ ಸರ್ಕಲ್ ಬಳಿಯ ಕಂಪ್ಯೂಟರ್ ಅಂಗಡಿಯಲ್ಲಿ ಅವರು ಕನ್ನಡದಲ್ಲಿ ಒಂದು ಪುಟ ಟೈಪ್ ಮಾಡಿ ಯಾವುದೋ ಕೀಲಿ ಒತ್ತಿದರು, ಪುಟವೆಲ್ಲ ತೆಲುಗಾಯಿತು. ಬ್ಯಾಂಕಿನ ವರ್ಗಾವಣೆಯಲ್ಲಿ ವಿಜಯವಾಡಕ್ಕೆ ಬಂದು ಬಿದ್ದಿದ್ದ ನಾನು ಆಗಲೇ ಒಂದು ಹಾಸ್ಯ ಸಂಕಲನದ ಕರ್ತೃ. ನನ್ನ ಕೀರ್ತಿ ಆಂಧ್ರಕ್ಕೂ ಹಬ್ಬಲು ಒಂದು ಕೀಲಿಯಷ್ಟೇ ಬಾಕಿ ಎನಿಸಿತು.

"ಮೇಡಂ, ನನ್ನ ಪುಸ್ತಕವನ್ನೂ ಹೀಗೇ ತೆಲುಗಿಗೆ ಮಾಡಿಕೊಡ್ತೀರಾ?"

"ಮೊದಲ ಇದನ್ನ ಓದಿ ನೋಡ್ರಿ," ಎಂದರು, ಅಪ್ಪಟ ಧಾರವಾಡದ ದನಿಯಲ್ಲಿ.

ಬಸ್ಸಿನ ಬೋರ್ಡುಗಳಿಂದ ಕಲಿತಿದ್ದ ತೆಲುಗಕ್ಷರಗಳನ್ನು ಕೂಡಿಸಿದೆ: 'ಅವ್ವಾ, ಚಾ ಆತೇನು?' ಬದಲಾಗಿದ್ದು ಅಕ್ಷರ, ಭಾಷೆ ಕನ್ನಡವೇ.

ವಿಜಯವಾಡದ ಔಷಧ ವ್ಯಾಪಾರಿ ಕಾಮೇಶ್ವರ ಅವರನ್ನು ಮದುವೆಯಾಗಿ ಬಂದ ಕಮಲಾಕ್ಷಿ, ಒಲೆಯ ಮೇಲೆ ಬೇಳೆ ಬೇಯುವ ಹೊತ್ತಿನಲ್ಲಿ ಕಾದಂಬರಿ ಬರೆಯುವವರು. ಬರೆದದ್ದನ್ನು ಮಗಳು ಪದ್ಮಾಗೆ ಓದಿ ಹೇಳುವುದು, ಅವಳು ಆಕಳಿಸಿದ ಕಡೆ ಹೊಡೆದುಹಾಕುವುದು ಅವರ ಪದ್ಧತಿ. ಮಗಳು ವಿಶಾಖಪಟ್ಟಣದ ಹಾಸ್ಟೆಲ್ ಸೇರಿದ್ದೇ ಕಾದಂಬರಿ ಅರ್ಧಕ್ಕೆ ನಿಂತಿತ್ತು. ಪದ್ಮಾ ಕನ್ನಡದಲ್ಲಿ ಸೊಗಸಾಗಿ ಜಗಳವಾಡುತ್ತಾಳೆ, ಓದಲು ಬರುವುದು ಮಾತ್ರ ತೆಲುಗು ಅಕ್ಷರ. ಒಂದು ಅಧ್ಯಾಯವನ್ನು ತೆಲುಗು ಲಿಪಿಯಲ್ಲಿ ನಕಲು ಮಾಡುವಷ್ಟರಲ್ಲೇ ತಾಯಿಯ ಕೈ ಸೋತಿತ್ತು. ಅದಕ್ಕೇ, ಗಂಡ ಅಂಗಡಿಯ ಲೆಕ್ಕಕ್ಕೆಂದು ತಂದ ಕಂಪ್ಯೂಟರಿಗೆ ಸಾಫ್ಟ್‌ವೇರ್ ಹುಡುಕುತ್ತಿದ್ದರು.

ಅಂಗಡಿಯ ದುರ್ಗಾಪ್ರಸಾದ್ ಬೇರೊಂದನ್ನು ತೋರಿಸಿ, "ಇದಿ ಲೇಟೆಸ್ಟ್ ಅಂಡಿ!" ಎಂದು ಹೂವಿನ ಬಾರ್ಡರು, ನೆರಳುಬಿದ್ದ ಅಕ್ಷರ ಎಲ್ಲ ಹರವಿದ. ನಾನು ಅಲ್ಲೇ ಸೋತೆ. ಹಾಗೆ ಅಲಂಕರಿಸಿದ ನನ್ನ ಹೆಸರು ಕಣ್ಮುಂದೆ ಬಂದಿತ್ತು.

ಕಮಲಾಕ್ಷಿ ನನ್ನ ಕಡೆ ತಿರುಗಿದರು. "ನಾ ಏನು ಮದುವಿ ಕಾರ್ಡ್ ಹಾಕಸ್ಲಿಕ್ಕೆ ಬಂದೀನೇನ್ರಿ?"

ಅಕ್ಷರ ಬದಲಿಸುವ ಆ ಸಾದಾ ಸರಕನ್ನೇ ಕೊಂಡರು. ಅಧ್ಯಾಯಗಳು ತೆಲುಗು ವೇಷದಲ್ಲಿ ವಿಶಾಖಪಟ್ಟಣಕ್ಕೆ ಹೋದವು. 'ಅಮ್ಮಾ, ಮಾವ ಊಟಕ್ಕೆ ಕೂತಲ್ಲಿ ನನಗೆ ನಿದ್ದೆ ಬಂತು' ಎಂದು ಉತ್ತರ ಬಂದರೆ ಕಾದಂಬರಿಯ ಮಾವನನ್ನು ಊಟದಿಂದ ಎಬ್ಬಿಸುವರು. ಆಕಳಿಕೆಗೆ ಹೆದರುವ ಲೇಖಕರನ್ನು ಬೇಕಾದಷ್ಟು ಕಂಡಿದ್ದೇನೆ, ನನ್ನ ಮನೆಯ ಕನ್ನಡಿಯಲ್ಲೇ ಒಬ್ಬನಿದ್ದಾನೆ. ಅಂಚೆಚೀಟಿ ಹಚ್ಚಿ ಆಕಳಿಕೆ ತರಿಸಿಕೊಂಡವರು ಇವರೊಬ್ಬರೇ.

ಕಾದಂಬರಿ ಮುಗಿದು, ಕನ್ನಡ ವಾರಪತ್ರಿಕೆಯೊಂದು ಒಪ್ಪಿಕೊಂಡ ದಿನ ಅಭಿನಂದಿಸಲು ಹೋದವನು ಗಂಭೀರವಾಗಿ ಕೇಳಿದೆ: "ನನ್ನ ಮಟ್ಟದ ಲೇಖಕನಿಗೆ ಯಾವ ಸಾಫ್ಟ್‌ವೇರ್ ಒಗ್ಗುತ್ತೆ ಮೇಡಂ?"

"ನಿಮ್ಮನ್ನ ಓದೋರು ಯಾರಿದ್ದಾರ? ಮೊದಲ ಅವರನ್ನ ಹುಡುಕ್ರಿ."