ಬ್ರಿಟಿಷ್ ಅತಿಥಿಯ ತವರು

ಮುದ್ದೇಬಿಹಾಳದ ನಮ್ಮ ಕಾಲೇಜಿಗೆ ಪಾಠ ಹೇಳಲು ಇಂಗ್ಲೆಂಡಿನಿಂದ ಬಂದಿದ್ದ ಅಧ್ಯಾಪಕಿಯನ್ನು ಒಂದು ಭಾನುವಾರ ಗೊಳಸಂಗಿಗೆ, ನನ್ನ ಸೋದರತ್ತೆಯ ಮನೆಗೆ ಊಟಕ್ಕೆ ಕರೆದುಕೊಂಡು ಹೋದೆ. ನಮ್ಮ ಕಡೆ ಬಂದವರಿಗೆ ನೀರು ಕೊಟ್ಟ ಕೂಡಲೇ ಊರು ಕೇಳುತ್ತಾರೆ. ಅತ್ತೆಯೂ ಕೇಳಿದಳು: "ನಿಮ್ದು ಯಾವೂರ್ರಿ?"

ತಾನು ಬ್ರಿಟಿಷ್ ಎಂದು ಆಕೆ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಕನ್ನಡಕ್ಕೆ ತಂದೆ.

"ಅದು ಸರಕಾರದ ಹೆಸರಾತು. ತವರ ಎಲ್ಲಿ ಕೇಳು."

ಆಕೆ ಅಳುಕಿದರು. ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಗಂಡ ಸ್ಕಾಟ್ಲೆಂಡಿನವನು. ಬ್ರಿಟಿಷ್ ಅಂದರೆ ಇಬ್ಬರೂ ಸೇರುತ್ತಾರೆ, ಇಂಗ್ಲಿಷ್ ಅಂದರೆ ಉಳಿದವರನ್ನು ಹೊರಗಿಟ್ಟಂತಾಗುತ್ತದೆ ಎಂದರು. ಇಷ್ಟು ಸಂಕೋಚ ನಮ್ಮ ಕಡೆ ವೇದಿಕೆ ಹತ್ತುವ ಭಾಷಣಕಾರರಿಗೆ ಇದ್ದಿದ್ದರೆ ಸಾಕಿತ್ತು ಅನ್ನಿಸಿತು. ಅವರ ಮಾತನ್ನು ಅತ್ತೆಗೆ ತಿಳಿಸಿದೆ.

ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ನಂದು ತವರ ಹೊರ್ತಿ, ಕೊಟ್ಟದ್ದು ಗೊಳಸಂಗಿ. ಹೊರ್ತಿ ಹೆಸರು ತಗೊಂಡ್ರ ನಮ್ಮ ಮನಿಯವ್ರು ಎಂದಾದ್ರೂ ಸಿಟ್ಟಾಗ್ಯಾರೇನು? ಅಂಜಬ್ಯಾಡ್ರಿ ಅಂತ ಹೇಳು."

ಮರುದಿನ ತರಗತಿಯಲ್ಲಿ ವಿದ್ಯಾರ್ಥಿನಿಯೊಬ್ಬಳು ಆಕೆಗೆ ಅದೇ ಪ್ರಶ್ನೆ ಕೇಳಿದಳು. ಅನುವಾದಕ್ಕೆಂದು ಜೊತೆಗಿದ್ದ ನನ್ನ ಕಡೆ ಆಕೆ ನೋಡಲೇ ಇಲ್ಲ. ಕಲಿತಷ್ಟು ಕನ್ನಡದಲ್ಲೇ, ತಲೆ ಎತ್ತಿ ಹೇಳಿದರು:

"ತವರ ಇಂಗ್ಲೆಂಡ್ ಐತ್ರಿ. ಮನಿ ಬ್ರಿಟನ್."