ಉಪ್ಪುಗಾಳಿಗೆ ಹೆದರದ್ದು

ಬಯಲುಸೀಮೆಯ ಚಿತ್ತವಾಡ್ಗಿಯಲ್ಲಿ ಟ್ರಾನ್ಸ್‌ಫಾರ್ಮರ್ ಮಾರುವ ಮೂಕಣ್ಣ ಹೆಸರಿಗಷ್ಟೇ ಮೂಕ. ಕರಾವಳಿಯ ಗಿರಾಕಿ ಬೆಲೆ ಕೇಳಿದರೆ, "ಮೊದ್ಲು ಕುಂದ್ರಿ, ನಿಮ್ಮೂರ ಗಾಳಿ ಎಂಥಾದ್ದು ಹೇಳ್ರಿ" ಎನ್ನುತ್ತಾನೆ. ಅಗ್ಗದ್ದನ್ನು ಮುಟ್ಟಿದರೆ, "ಅದು ಬ್ಯಾಡ್ರಿ, ಉಪ್ಪು ತಗಡು ತಿಂತೈತಿ" ಎಂದು ಕೈ ಹಿಡಿದೆಳೆದು, ಮೂರು ಪದರ ಬಣ್ಣ ಬಳಿದದ್ದರ ಮುಂದೆ ನಿಲ್ಲಿಸುತ್ತಾನೆ. ಬಣ್ಣ ಪರೀಕ್ಷಿಸಲು ತಗಡಿನ ಚೂರುಗಳನ್ನು ಉಪ್ಪುನೀರಲ್ಲಿ ನೆನೆಸುವ ಇವನಿಗೆ ಹೆದರಿ, ಹೆಂಡತಿ ಜಂಬವ್ವ ಅಡುಗೆಯ ಉಪ್ಪನ್ನು ಬಚ್ಚಿಡುತ್ತಾಳೆ. ಹಳೆಯ ಟ್ರಾನ್ಸ್‌ಫಾರ್ಮರ್ ತುಕ್ಕು ಹಿಡಿದು ಕೆಟ್ಟು, ಐಸ್ ಇಲ್ಲದೆ ಮೀನೆಲ್ಲ ಕೊಳೆತು ಕಂಗೆಟ್ಟಿದ್ದ ಕಡಲತಡಿಯ ಐಸ್ ಕಾರ್ಖಾನೆಗೆ ಅವನೇ ಒಂದನ್ನು ಆರಿಸಿಕೊಟ್ಟಿದ್ದ. ಮೂರು ಮಳೆಗಾಲ ಕಳೆದ ಮೇಲೆ, ಯಾರೂ ಕರೆಯದಿದ್ದರೂ ಅದನ್ನು ನೋಡಲು ಹೋದ. ಬಸ್ಸಿಳಿದವನೇ ಕಾರ್ಖಾನೆಯ ಹಿಂದಕ್ಕೆ ಓಡಿ ಅದರ ತಳವನ್ನು ಸವರಿದ. ಬೆರಳಿಗೆ ಒಂದು ಕಣ ತುಕ್ಕೂ ಹತ್ತಲಿಲ್ಲ. ಆಮೇಲೆ, ಹಿಂದೆಯೇ ಬಂದಿದ್ದ ಕಾರ್ಖಾನೆಯ ಮಾಲಕಿಯತ್ತ ತಿರುಗಿ ನಾಚುತ್ತ ಕೇಳಿದ: "ಸಮುದ್ರ ಯಾವ ಕಡೆ ಐತ್ರಿ ಅಕ್ಕಾರ? ನಾ ಇನ್ನೂ ನೋಡೇ ಇಲ್ಲ."