ಮಾಸ್ಕಿನ ಕಹಿ ಪರೀಕ್ಷೆ

ಒಂದು ಶನಿವಾರ ಸಂಜೆ ನಮ್ಮ ಯಜಮಾನರು ಜಿಲೇಬಿ ಪೊಟ್ಟಣ ಹಿಡಿದು ಬಂದರು. "ಪಾಸಾದೆ ಕಣೆ!"

ಹುಣಸೂರಿನ ಆಚೆ ಹೊಗೆಸೊಪ್ಪಿನ ಗೋದಾಮೊಂದರಲ್ಲಿ ಅವರು ಮೇಸ್ತ್ರಿ. ಸೊಪ್ಪು ಜಾಡಿಸುವ ಯಂತ್ರದ ಪಕ್ಕ, ಧೂಳಿನ ನಡುವೆಯೇ ಹಗಲೆಲ್ಲ ನಿಲ್ಲುವ ಕೆಲಸ. ಹೊಸದಾಗಿ ಬಂದ ಸೇಫ್ಟಿ ಆಫೀಸರ್ ಒಬ್ಬರು, ಮಾಸ್ಕು ಕಟ್ಟಿಕೊಂಡರೆ ಸಾಲದು, ಅದು ಅವರವರ ಮುಖಕ್ಕೆ ಸರಿಯಾಗಿ ಕೂತಿದೆಯೇ ಎಂದು ನೋಡಬೇಕು ಎಂದು ಹಟ ಹಿಡಿದಿದ್ದರಂತೆ.

"ತಲೆ ಮ್ಯಾಲೆ ಒಂದು ಚೀಲ ಇಳಿಬುಡ್ತಾರೆ. ಅದ್ರೊಳಕ್ಕೆ ಬುಸ್ ಬುಸ್ ಅಂತ ಕಹಿ ನೀರು ಹೊಡೀತಾರೆ. ಮೊದ್ಲು ಮಾಸ್ಕಿಲ್ದೆ, ಆಮೇಲೆ ಮಾಸ್ಕ್ ಆಕಿ. ಕತ್ತು ತಿರುಗ್ಸು, ಬಗ್ಗು, ಮಾತಾಡು ಅಂತಾರೆ. ಮಾಸ್ಕ್ ಆಕ್ದಾಗ ಕಹಿ ಗೊತ್ತಾದ್ರೆ ಸಂದೀಲಿ ಗಾಳಿ ನುಗ್ತಾ ಐತೆ ಅಂತ ಅರ್ಥ. ನಂಗೆ ಏನೇನೂ ಗೊತ್ತಾಗ್ಲಿಲ್ಲ!"

"ಒಂದು ಬೇವಿನೆಲೆ ತಿನ್ಸಿದ್ರೆ ಆಗ್ತಿರ್ಲಿಲ್ವಾ, ಅದ್ಕೆ ಚೀಲ ಬೇರೆ" ಎಂದರು ಅತ್ತೆ. ಹಂಪಾಪುರದ ಹೊಲದಲ್ಲಿ ಬೆಳೆದ ಅವರಿಗೆ ಇದೆಲ್ಲ ತಮಾಷೆ. ಎಲ್ಲರೂ ನಕ್ಕು ಜಿಲೇಬಿ ತಿಂದೆವು.

ಮರುದಿನ ಭಾನುವಾರ. ಮಧ್ಯಾಹ್ನ ಊಟಕ್ಕೆ ಸೌತೆಕಾಯಿ ಕೋಸಂಬರಿ ಮಾಡಿದ್ದೆ. ತುದಿ ಕೊಯ್ದು, ಉಜ್ಜಿ, ನೊರೆ ತೆಗೆದೇ ಹೆಚ್ಚಿದ್ದೆ. ಅತ್ತೆ ಒಂದು ತುತ್ತು ಬಾಯಿಗಿಟ್ಟವರೇ ಹಿತ್ತಲಿಗೆ ಓಡಿದರು.

"ಥೂ! ವಿಸ ಕಣವ್ವ, ವಿಸ!"

ನಾನೂ ಬಾಯಿಗೆ ಹಾಕಿ ನೋಡಿದೆ. ಗಂಟಲವರೆಗೂ ಕಹಿ. ತಲೆ ಎತ್ತಿದರೆ ಯಜಮಾನರು ತಮ್ಮ ಪಾಲು ಮುಗಿಸಿ ಬಟ್ಟಲಿಗೆ ಮತ್ತೆ ಕೈ ಚಾಚಿದ್ದರು. "ಚೆನ್ನಾಗೇ ಐತಲ್ಲ?"

ನಾನು ಬಟ್ಟಲನ್ನು ನನ್ನ ಕಡೆಗೆ ಎಳೆದುಕೊಂಡೆ.

ಕೊರೊನಾ ಕಾಲದ ಆ ಜ್ವರ ಬಿಟ್ಟ ಮೇಲೆ ಇವರು ನನ್ನ ಅಡುಗೆಗೆ ಒಂದು ದಿನವೂ ಹೆಸರಿಟ್ಟಿರಲಿಲ್ಲ. ಅದಕ್ಕೆ ಮೊದಲು ಸಾರಿಗೆ ಮೆಂತ್ಯ ಒಂದು ಕಾಳು ಹೆಚ್ಚಾದರೂ ಮುಖ ಸಿಂಡರಿಸುತ್ತಿದ್ದವರು. ಸಾವಿನ ಹತ್ತಿರ ಹೋಗಿ ಬಂದವರು, ಹೆಂಡತಿ ಮೇಲೆ ಪ್ರೀತಿ ಹೆಚ್ಚಾಗಿದೆ ಎಂದುಕೊಂಡು ನಾನು ಒಳಗೊಳಗೇ ಹಿಗ್ಗಿದ್ದೆ.

ಊಟವಾದ ಮೇಲೆ ಪಾತ್ರೆ ತೊಳೆಯಲು ಕೂತರೆ ಕೈ ಓಡಲಿಲ್ಲ. ಸಂಜೆ ಸಂಜೆ ಅವರು ಮುಖ ಒರೆಸಿದ ಬಿಳಿ ಟವೆಲ್ ಮೂಗಿನ ಜಾಗದಲ್ಲಿ ಸೊಪ್ಪಿನ ಧೂಳಿಗೆ ಕಂದು ಬಣ್ಣವಾಗಿರುವುದು, ಮಾಸ್ಕಿನ ಕೆಂಪು ಗೀರು ಮೂಗಿನ ಬಲಗಡೆ ಮಾತ್ರ ಇದ್ದು ಎಡಗಡೆ ಏನೂ ಇಲ್ಲದಿರುವುದು, ಎಲ್ಲ ಕಣ್ಣಿಗೆ ಕಟ್ಟಿತು. ಒದ್ದೆ ಕೈಯಲ್ಲೇ ಜಗಲಿಗೆ ಬಂದೆ.

"ರೀ, ಮಾಸ್ಕಿಲ್ದೆ ಹೊಡೆದಾಗ ಕಹಿ ಗೊತ್ತಾಯ್ತಾ?"

"ಗೊತ್ತಾಯ್ತು ಅಂದೆ."

"ನೀವು ಅಂದದ್ದಲ್ಲ. ಗೊತ್ತಾಯ್ತಾ?"

ಅವರು ಪೇಪರ್ ಮಡಿಸಿದರು. ಮತ್ತೆ ಬಿಚ್ಚಿದರು. "ನನ್ ಮುಂದ್ಗಡೆ ಇದ್ದೋರೆಲ್ಲ ಮುಖ ಕಿವುಚ್ತಾ ಇದ್ರು. ನಾನೂ ಕಿವುಚ್ದೆ."

"ಹಾಗಾದ್ರೆ ಸಂದೀಲಿ ಗಾಳಿ ನುಗ್ಗಿದ್ರೂ ನಿಮ್ಗೆ ಕಹಿ ಗೊತ್ತಾಗಲ್ಲ, ಆ ಪಾಸು ಪಾಸೇ ಅಲ್ಲ. ನಾಳೆ ಹೋಗಿ ಹೇಳಿ."

"ಮೇಸ್ತ್ರಿಗೇ ನಾಲ್ಗೆ ಸತ್ತೈತೆ ಅಂತ ಆಳುಗೋಳು ಆಡ್ಕೊಳ್ದೆ ಬುಡ್ತಾರಾ? ಗೇಟ್ ಕಾಯಾಕೆ ಆಕ್‌ಬುಟ್ರೆ?"

ಒಳಗಿನಿಂದ ಅತ್ತೆಯ ದನಿ ಬಂತು. "ಉಸ್ರೇ ನಿಂತೋದ್ ಮ್ಯಾಲೆ ಮೇಸ್ತ್ರಿಕೆ ಯಾರಿಗ್ಲಾ?"

ಬೆಳಿಗ್ಗೆ ಇವರು, ಹೇಳುತ್ತೇನೆ ಹೇಳುವುದಿಲ್ಲ ಎನ್ನದೆ, ಹೊರಟರು. ನಾನು ಒರೆಸಿದ ಶೆಲ್ಫನ್ನೇ ಮತ್ತೆ ಒರೆಸಿದೆ. ಹಾಲು ಉಕ್ಕಿ ಒಲೆಯ ಮೇಲೆಲ್ಲ ಚೆಲ್ಲಿತು. ಕೆ.ಆರ್. ನಗರದ ಕಾನ್ವೆಂಟಿನಲ್ಲಿ ಓದುವಾಗ ಸಿಸ್ಟರ್ ಹೇಳಿಕೊಟ್ಟ ಪ್ರಾರ್ಥನೆ ಅರ್ಧಕ್ಕೆ ಬಂದು ಮರೆತುಹೋಯಿತು. ನಂಜನಗೂಡಿನ ದೇವರಿಗೆ ಕೈಮುಗಿದೆ. ಫೋನ್ ಮಾಡೋಣವೆಂದರೆ ಗೋದಾಮಿನ ಒಳಗೆ ಮೊಬೈಲ್ ಬಿಡುವುದಿಲ್ಲ.

ಸಂಜೆ ಚಪ್ಪಲಿ ಬಿಡುತ್ತಲೇ ಹೇಳಿದರು. "ಯೋಳ್ದೆ. ಆ ಸಾಹೇಬ್ರು ನಗ್ಲಿಲ್ಲ ಕಣೆ. ನಾಲ್ಗೆ ಕೇಳ್ದೇ ಇರೋ ಮೆಷಿನ್ ಒಂದೈತಂತೆ, ಮೈಸೂರಿಂದ ತರಿಸ್ತಾರಂತೆ. ಅಲ್ಲೀಗಂಟ ನಾನು ಹೊರಗ್ಡೆ, ಲೋಡಿಂಗಲ್ಲಿ."

ಆ ಮೆಷಿನ್ ಬರುವ ತನಕ ನನಗೆ ನಿದ್ದೆ ಸರಿಯಾಗಲಿಲ್ಲ. ಬಂದ ದಿನ, ಮಾಸ್ಕಿಗೆ ಸಣ್ಣ ನಳಿಕೆ ಸಿಕ್ಕಿಸಿ ಒಳಗಿನ ಧೂಳು, ಹೊರಗಿನ ಧೂಳು ಎರಡನ್ನೂ ಅಳೆದರಂತೆ.

"ಫೇಲು" ಎಂದರು ಬಾಗಿಲಲ್ಲೇ ನಿಂತು. "ಆ ಮಾಸ್ಕು ನಂಗೆ ದೊಡ್ಡದು. ಎಡಗಡೆಯಿಂದ ಎಲ್ಲಾ ಒಳಕ್ಕೇ ಬತ್ತಿತ್ತಂತೆ. ಚಿಕ್ಕ ಸೈಜ್ ಕೊಟ್ಟು ತಿರುಗ ನೋಡಿದ್ರು, ಸರೋಯ್ತು. ನಾಳೆಯಿಂದ ಒಳಗೇ."

ಮೂಗಿನ ಎರಡೂ ಕಡೆ ಕೆಂಪು ಗೀರಿತ್ತು. ಬೆರಳಿಂದ ಮುಟ್ಟಿ ನೋಡಿದೆ. ಇಷ್ಟು ವರ್ಷ ಎಡಗಡೆಯಿಂದ ಒಳಗೆ ಹೋದದ್ದನ್ನು ಯಾವ ಮೆಷಿನ್ ಅಳೆಯುತ್ತದೆ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಅವರು ಕೆಮ್ಮಿದರೆ ಈಗಲೂ ನನ್ನ ಕೈಯ ಕೆಲಸ ಒಂದು ಕ್ಷಣ ನಿಲ್ಲುತ್ತದೆ.

ಅಂದು ಸಾರು ಬಡಿಸುವಾಗ ಅಭ್ಯಾಸಬಲದಿಂದ, "ಉಪ್ಪು ಸಾಕಾ ರೀ?" ಎಂದುಬಿಟ್ಟೆ.

ಅವರು ತಟ್ಟೆಯನ್ನು ನನ್ನ ಕಡೆಗೆ ಸರಿಸಿದರು.

"ನೀನೇ ನೋಡಿ ಯೋಳು."